ಶನಿವಾರದ ಕಾದಂಬರಿ

ಕೋವಿಡ್ ಮುಗಿದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಕೂಡ್ಲಿಗಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳಿಗೆ ಸರ್ಕಾರ ಸಂಬಳ ಕೊಡುತ್ತದೆ, ಆಡಳಿತವನ್ನು ಊರಿನ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಒಬ್ಬರು ನಿವೃತ್ತರಾದರೆ ಅವರ ಹುದ್ದೆ ಬಹುಕಾಲ ಖಾಲಿ ಬಿದ್ದಿರುತ್ತದೆ. ಆಗ ಆಡಳಿತ ಮಂಡಳಿ ತನ್ನ ಖರ್ಚಿನಲ್ಲಿ ಯಾರನ್ನಾದರೂ ಇಟ್ಟುಕೊಳ್ಳುತ್ತದೆ. ಅಂಥವರು ಬಾ ಎಂದಾಗ ಬರಬೇಕು, ಬೇಡ ಎಂದಾಗ ಹೋಗಬೇಕು. ನಮ್ಮಲ್ಲಿ ಕನ್ನಡ ಕಲಿಸುತ್ತಿದ್ದ ಗಿರಿಜಾ ಟೀಚರ್ ಹಾಗೆ ಬಂದವರು. ಕೋಗಳಿಯಿಂದ ಎರಡು ಬಸ್ ಬದಲಿಸಿ ದಿನಾ ಬರುತ್ತಿದ್ದರು.

ಶಾಲೆಯ ಹೆಸರನ್ನು ನಾನು ಹೇಳುವುದಿಲ್ಲ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಕಾದಂಬರಿಯ ಹೆಸರನ್ನೂ ಬಿಟ್ಟಿದ್ದೇನೆ. ಹೇಳಿದರೆ ಓದುವವರು ಈ ಕತೆ ಬಿಟ್ಟು ಆ ಕಾದಂಬರಿಯ ಪರ, ವಿರೋಧ ಶುರುಮಾಡುತ್ತಾರೆ. ಅದು ಹೇಗೆ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಒಮ್ಮೆ ನೋಡಿದ್ದೇನೆ, ಸಾಕು.

ನಾನು ಗಣಿತದ ಮೇಷ್ಟ್ರು. ಆ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಅನ್ವಯದ ಲೆಕ್ಕ ಕೊಟ್ಟರೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಮರೆತುಬಿಡುತ್ತಿದ್ದರು. ಎರಡು ವರ್ಷ ಮೊಬೈಲ್ ನೋಡಿ ಬೆಳೆದ ಮಕ್ಕಳು. ಉದ್ದನೆಯದು ಏನನ್ನೂ ಓದಲಾರದವರಾಗಿದ್ದರು. ಶಿಕ್ಷಕರ ಸಭೆಯಲ್ಲಿ ಇದನ್ನು ಹೇಳಿದೆ. ಗಿರಿಜಾ ಟೀಚರ್ ಒಂದು ಉಪಾಯ ಹೇಳಿದರು: ಶನಿವಾರ ಬೆಳಗಿನ ಶಾಲೆಯ ಕೊನೆಯ ಎರಡು ಅವಧಿಯಲ್ಲಿ ಇಡೀ ತರಗತಿ ಕೂತು ಒಂದು ದೊಡ್ಡ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು. ತಮ್ಮನ್ನು ಕನ್ನಡ ಎಂ.ಎ.ಗೆ ತಂದದ್ದೇ ಒಂದು ಕಾದಂಬರಿ ಎಂದರು. ಅದನ್ನೇ ಆರಿಸಿಕೊಂಡರು.

ಪ್ರತಿಗಳನ್ನು ಕೊಳ್ಳಲು ಆಡಳಿತ ಮಂಡಳಿಯ ಒಪ್ಪಿಗೆ ಬೇಕಿತ್ತು. ಮಂಡಳಿಯಲ್ಲಿ ಮಾತು ನಡೆಯುತ್ತಿದ್ದುದು ಕೊಟ್ರಬಸಪ್ಪನವರದು. ಬಸ್ ನಿಲ್ದಾಣದ ಹತ್ತಿರ ಬೀಜ, ಗೊಬ್ಬರದ ದೊಡ್ಡ ಅಂಗಡಿ ಇಟ್ಟವರು, ಹಳೆಯ ಶೈವ ಮನೆತನ. ಅವರ ಮಗಳು ಸಹನಾ ಅದೇ ಒಂಬತ್ತನೇ ತರಗತಿಯಲ್ಲಿದ್ದಳು. ಕಾದಂಬರಿಯ ಹೆಸರು ಕೇಳಿದ ಕೂಡಲೇ ಅವರ ಮುಖ ಅರಳಿತು. ನಮ್ಮವ್ವ ಅದನ್ನು ಎಷ್ಟು ಸಲ ಓದಿಸಿಕೊಂಡಾಳೋ ಲೆಕ್ಕವಿಲ್ಲ, ಇಂಥದನ್ನು ಈಗಿನ ಹುಡುಗರು ಓದಬೇಕು ಎಂದು ಅವತ್ತೇ ಒಪ್ಪಿಗೆ ಕೊಟ್ಟರು.

ಕಾದಂಬರಿಯ ಕತೆಯನ್ನು ಇಲ್ಲಿಗೆ ಬೇಕಾದಷ್ಟು ಹೇಳುತ್ತೇನೆ. ಒಬ್ಬ ಸಾಹುಕಾರ, ಸತ್ಯವಂತ, ಕರುಣಾಳು. ಹೆಂಡತಿ ಬಾಣಂತನದಲ್ಲಿ ತೀರಿಕೊಂಡಾಗ ಕೂಸು ಉಳಿಯುವುದು ಅನುಮಾನ. ಆಗ ಕೆಳಗೇರಿಯ ಕೂಲಿ ಹೆಂಗಸೊಬ್ಬಳು ಹಿತ್ತಿಲ ಬಾಗಿಲಿನಿಂದ ಬಂದು ಆ ಕೂಸಿಗೆ ಹಾಲು ಕೊಡುತ್ತಾಳೆ. ಕೂಸು ಉಳಿಯುತ್ತದೆ. ಮುಂದೆ ಬರ ಬಂದಾಗ ಅದೇ ಹಿತ್ತಿಲಿಗೆ ಜೋಳ ಕೇಳಲು ಬಂದ ಅವಳನ್ನು ಮನೆಯ ಹಿರಿಯರು ಹೊರಗೆ ನಿಲ್ಲಿಸುತ್ತಾರೆ. ಅವಳು ಏನೂ ಅನ್ನದೆ ಹೋಗಿ, ಕೆಲವು ದಿನಕ್ಕೆ ಸಾಯುತ್ತಾಳೆ. ಆ ಸಾವನ್ನು ಲೇಖಕರು ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ, ಕತೆ ಪುಸ್ತಕ ಓದದ ನನ್ನಂಥವನೂ ಆ ಪುಟಗಳನ್ನು ಎರಡು ಸಲ ಓದಿದೆ. ಅದು ತ್ಯಾಗ, ಅದು ತಾಯ್ತನ ಎಂದು ಪುಟಗಟ್ಟಲೆ ಇದೆ.

ಸಹನಾ ಅತ್ತಳು. ಅವಳ ಪಕ್ಕದಲ್ಲಿ, ಅದೇ ಬೆಂಚಿನಲ್ಲಿ ಕೂರುತ್ತಿದ್ದ ಗೌತಮಿ ಅಳಲಿಲ್ಲ. ಗೌತಮಿಯ ತಂದೆ ಹನುಮಂತಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್, ಅಂದರೆ ಯಾವ ಬಸ್ಸು ಯಾವಾಗ ಬಿಡಬೇಕೆಂದು ನೋಡುವವರು. ಅಜ್ಜನ ಕಾಲಕ್ಕೇ ಬೌದ್ಧರಾದ ಮನೆ. ಹುಡುಗಿಯರಿಬ್ಬರೂ ಐದನೇ ತರಗತಿಯಿಂದ ಗೆಳತಿಯರು. ಆ ಶನಿವಾರ ನಾನು ತರಗತಿಯ ಹಿಂದೆ ಕೂತಿದ್ದೆ. ಗೌತಮಿ ಎದ್ದು ನಿಂತು ಕೇಳಿದಳು: "ಟೀಚರ್, ಈ ಪುಸ್ತಕದಾಗ ಸಾಹುಕಾರನ ಎತ್ತಿಗೂ ಹೆಸರೈತಿ. ಆಕಿಗೆ ಯಾಕಿಲ್ಲ?"

ಎಲ್ಲರೂ ಪುಟ ತಿರುವಿದರು. ನಾನೂ ತಿರುವಿದೆ. ನಿಜ, ಎಲ್ಲ ಕಡೆ ಅವಳನ್ನು ಕರೆದದ್ದು ಜಾತಿಯ ಹೆಸರಿನಿಂದ. ಸಹನಾ ಎದ್ದು, ಹೆಸರಿಲ್ಲದ್ದರಿಂದಲೇ ಅವಳು ಎಲ್ಲ ತಾಯಂದಿರ ಹಾಗೆ ಕಾಣುತ್ತಾಳೆ, ಅದಕ್ಕೇ ನನಗೆ ಅಳು ಬಂತು ಎಂದಳು. ನಿಮ್ಮ ತಾಯಿಗೆ ಹೆಸರಿಲ್ಲೇನು ಎಂದು ಗೌತಮಿ ಕೇಳಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ನಾನು; ಶಾಲೆ ಬಿಡುವ ಗಂಟೆಗೆ ಮಕ್ಕಳು ಏಳದೇ ಕೂತದ್ದನ್ನು ಅವತ್ತೇ ಮೊದಲು ನೋಡಿದೆ.

ಗಿರಿಜಾ ಟೀಚರ್ ಎರಡೂ ಅಭಿಪ್ರಾಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರು. ಯಾವುದು ಸರಿ ಎಂದು ಹೇಳುತ್ತಾರೆಂದು ನಾನು ಕಾದೆ. ಹೇಳಲಿಲ್ಲ. ಆಮೇಲೆ ಕೇಳಿದೆ, ಉತ್ತರ ಹೇಳದೆ ಲೆಕ್ಕ ಬಿಟ್ಟ ಹಾಗಾಯಿತಲ್ಲ ಎಂದು.

"ಎರಡೂ ಸರಿ ಅಂತ ನಾ ಹೇಳಂಗಿಲ್ಲ ಸರ್," ಎಂದರು. "ಇಬ್ರೂ ಮನಸಿಟ್ಟು ಓದ್ಯಾರ. ಕೊನೀ ಅಧ್ಯಾಯ ಮುಗೀಲಿ, ಆಮ್ಯಾಲ ಅವರ ಹೇಳ್ತಾರ."

ಮುಂದಿನ ಶನಿವಾರಗಳಲ್ಲಿ ತರಗತಿ ಎರಡು ಭಾಗವಾಯಿತು. ಕಾದಂಬರಿ ಶ್ರೇಷ್ಠ ಎನ್ನುವವರು, ಕಾದಂಬರಿ ಮೋಸ ಎನ್ನುವವರು. ಜಾತಿಗೆ ತಕ್ಕ ಹಾಗೆ ಭಾಗವಾಗಲಿಲ್ಲ, ಅದನ್ನು ಹೇಳಲೇಬೇಕು. ಗೌತಮಿಯ ಕೇರಿಯದೇ ಒಬ್ಬ ಹುಡುಗ, ನಮ್ಮವರ ಬಗ್ಗೆ ಆ ಕಾಲದಲ್ಲಿ ಇಷ್ಟಾದರೂ ಬರೆದರಲ್ಲ ಎಂದ. ವ್ಯಾಪಾರದ ಮನೆಯ ಒಬ್ಬಳು, ಸಾಹುಕಾರ ಕರುಣಾಳುವಾಗಿದ್ದರೆ ಜೋಳ ಯಾಕೆ ಕೊಡಲಿಲ್ಲ, ಅವನೇನು ಮಲಗಿದ್ದನೇ ಎಂದಳು. ನನ್ನ ಲೆಕ್ಕಗಳನ್ನೂ ಆ ಮಕ್ಕಳು ಮೂರನೇ ಸಾಲು ದಾಟಿ ಓದತೊಡಗಿದ್ದರು.

ಕಷ್ಟ ಶುರುವಾದದ್ದು ಸಹನಾಳ ಮನೆಯಿಂದ. ಅವಳು ಅಜ್ಜಿಗೆ ಕಾದಂಬರಿ ಓದಿ ಹೇಳುತ್ತಿದ್ದಳು. ಹಾಲು ಕೊಡುವ ಅಧ್ಯಾಯ ಬಂದಾಗ ಅಜ್ಜಿ, ಇದೇನು ದೊಡ್ಡ ಸಂಗತಿ, ನಮ್ಮ ಮನೆಯಲ್ಲೂ ನಡೆದದ್ದೇ ಎಂದರಂತೆ. ಸಹನಾಳ ಅಜ್ಜ ಎಳೆಗೂಸಾಗಿದ್ದಾಗ ತಾಯಿಗೆ ಹಾಲಿಲ್ಲದೆ, ಕೇರಿಯ ಹೆಂಗಸೊಬ್ಬಳ ಹಾಲು ಕುಡಿದು ಬದುಕಿದವರು. ತಮ್ಮ ಅತ್ತೆ ಹೇಳಿದ್ದನ್ನು ಅಜ್ಜಿ ಅಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಗೌತಮಿಯ ಪ್ರಶ್ನೆ ತಲೆಯಲ್ಲಿದ್ದ ಸಹನಾ, ಅವಳ ಹೆಸರೇನಜ್ಜಿ ಎಂದು ಕೇಳಿದಳು. ಇದ್ದೀತು, ಯಾರು ಕೇಳಿದರು ಎಂದರಂತೆ ಅಜ್ಜಿ.

ಸಹನಾ ಇದನ್ನು ಶನಿವಾರ ತರಗತಿಯಲ್ಲಿ ಹೇಳಿದಳು. ನೀನು ಕೇಳಿದ್ದು ಸರಿ ಎಂದು ಗೌತಮಿಯ ಕಡೆ ತಿರುಗಿ ಹೇಳಿದಳು. ಹದಿನಾಲ್ಕು ವರ್ಷದ ಹುಡುಗಿ. ಸೋಲು ಒಪ್ಪಿಕೊಳ್ಳುವುದಕ್ಕೆ ತನ್ನ ಮನೆಯ ಮಾತನ್ನೇ ತಂದು ಇಟ್ಟಳು. ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಶಾಲೆಯಲ್ಲಿ ನಡೆದದ್ದು ನನಗೆ ಗೊತ್ತಿಲ್ಲ. ಆ ವಾರದೊಳಗೆ ಅದು ಊರಿಗೆ ಮುಟ್ಟಿತು. ಸಂತೆಯ ದಿನ ಕೊಟ್ರಬಸಪ್ಪನವರ ಅಂಗಡಿಯ ಮುಂದೆ ಯಾರೋ, ಸಾಹುಕಾರ್ರ ಮನೆತನದ ಹಾಲಿನ ಕತೆ ಏನೋ ಐತಂತಲ್ರಿ ಎಂದು ನಕ್ಕರಂತೆ.

ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದಲೂ ಬೆಂಕಿ ಹತ್ತಿತ್ತು. ಕಾದಂಬರಿಯನ್ನು ಗಟ್ಟಿಯಾಗಿ ಓದುವಾಗ ಆ ಜಾತಿಯ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಹತ್ತನೇ ತರಗತಿಯ ಕೆಲವು ಹುಡುಗರು ಆಟದ ಬಯಲಿನಲ್ಲಿ ಗೌತಮಿಯನ್ನು ಅದೇ ಹೆಸರಿನಿಂದ ಕರೆಯತೊಡಗಿದರು. ಗೊತ್ತಾದ ದಿನವೇ ಆ ಹುಡುಗರ ತಂದೆಯರನ್ನು ಕರೆಸಿ, ಅವರೆದುರಿಗೇ ಕ್ಷಮೆ ಕೇಳಿಸಿದೆ. ಆದರೆ ಕಿವಿಗೆ ಬಿದ್ದದ್ದು ಬಿದ್ದಾಗಿತ್ತು.

ಹನುಮಂತಪ್ಪ ಡ್ಯೂಟಿಯ ಖಾಕಿಯಲ್ಲೇ ನನ್ನ ಕೊಠಡಿಗೆ ಬಂದರು. ಕೈಯಲ್ಲಿ ಮಗಳ ಪ್ರತಿ ಇತ್ತು, ಜೊತೆಗೆ ಒಂದು ದೂರು ಅರ್ಜಿ. ಜಾತಿಯ ಹೆಸರನ್ನು ಮಕ್ಕಳ ಬಾಯಲ್ಲಿ ಓದಿಸುವುದನ್ನು ನಿಲ್ಲಿಸಬೇಕೆಂದು ಬರೆದಿದ್ದರು. ಕಾದಂಬರಿಯನ್ನು ಪೂರ್ತಿ ಓದಿದ್ದಾರೆಂದು ಅವರ ಮಾತಿನಲ್ಲೇ ಗೊತ್ತಾಯಿತು. ನಾನೂ ಅಷ್ಟರಲ್ಲಿ ಓದಿ ಮುಗಿಸಿದ್ದೆ. ತರಗತಿ ಇನ್ನೂ ತಲುಪದಿದ್ದ ಕೊನೆಯ ಎರಡು ಅಧ್ಯಾಯಗಳಲ್ಲಿ, ಆ ಕೂಸು ಬೆಳೆದು ದೊಡ್ಡವನಾಗಿ ಕೇರಿಗೆ ಹೋಗುತ್ತಾನೆ. ನನಗೆ ಹಾಲು ಕೊಟ್ಟವಳ ಹೆಸರೇನು ಎಂದು ಮನೆ ಮನೆಗೆ ಕೇಳುತ್ತಾನೆ. ಹೇಳುವವರು ಯಾರೂ ಉಳಿದಿರುವುದಿಲ್ಲ. ಲೇಖಕರು ಬೇಕೆಂದೇ ಅಲ್ಲಿಯವರೆಗೆ ಹೆಸರು ಬಚ್ಚಿಟ್ಟಿದ್ದಾರೆ ಎಂಬುದು ಗಿರಿಜಾ ಟೀಚರ್ ಓದು. ಬರೆಯುತ್ತ ಬರೆಯುತ್ತ ಕೊನೆಗೆ ಲೇಖಕರಿಗೇ ಹೊಳೆದಿರಬೇಕು ಎಂದು ನನ್ನ ಅನುಮಾನ. ನಾನು ಆ ಅಧ್ಯಾಯದ ಮಾತೆತ್ತಿದೆ.

"ಓದೀನ್ರಿ ಸರ್," ಎಂದರು ಹನುಮಂತಪ್ಪ. "ಸತ್ತ ಮ್ಯಾಲ ಹೆಸರು ಕೇಳಿದ್ರ ಏನ್ ಬಂತ್ರಿ? ಜೋಳ ಕೇಳಾಕ ಬಂದಾಗ ಕೇಳಬೇಕಿತ್ತು. ಭಾಳ ಚಂದ ಬರದಾರ. ನನಗ ಅದರದ ಸಿಟ್ಟು. ಕೆಟ್ಟದಾಗಿ ಬರದಿದ್ರ ಒಗದು ಸುಮ್ನಾಗ್ತಿದ್ದೆ."

ಪುಸ್ತಕ ನಿಲ್ಲಿಸಬೇಕೇ ಎಂದು ಕೇಳಿದೆ. ಹಾಗೆ ಅಂದಿಲ್ಲ ಎಂದರು. ಆ ಶಬ್ದ ಗಟ್ಟಿಯಾಗಿ ಓದಿಸಬೇಡಿ, ಅದು ಯಾಕೆ ಕೆಟ್ಟದ್ದೆಂದು ಮಕ್ಕಳಿಗೆ ಹೇಳಿ, ಕೊನೆಯ ದಿನ ನನಗೂ ಬಂದು ಮಾತಾಡಲು ಬಿಡಿ. ಅಷ್ಟೇ ಅವರು ಕೇಳಿದ್ದು. ಗಿರಿಜಾ ಟೀಚರನ್ನು ಕರೆಸಿದೆ. ಅವರು ತಕ್ಷಣ ಒಪ್ಪಿದರು. ಹನುಮಂತಪ್ಪನವರಿಗೆ ಕೈ ಮುಗಿದು, ಇದು ನನಗೆ ಮೊದಲೇ ಹೊಳೆಯಬೇಕಿತ್ತು ಎಂದರು. ಅಲ್ಲಿಗೆ ಮುಗಿಯಬೇಕಾದ ಕೆಲಸ ಅದು. ಆದರೆ ಅರ್ಜಿ ಕೊಟ್ಟಾಗಿತ್ತು. ಬಂದ ಅರ್ಜಿಯನ್ನು ಆಡಳಿತ ಮಂಡಳಿಯ ಮುಂದಿಡುವುದು ನಿಯಮ. ಇಟ್ಟೆ, ಜೊತೆಗೆ ನಾವು ಮೂವರು ಮಾಡಿಕೊಂಡ ಒಪ್ಪಂದವನ್ನೂ ಬರೆದು ಇಟ್ಟೆ.

ಕೊಟ್ರಬಸಪ್ಪ ಸಭೆಯ ಹಿಂದಿನ ದಿನ ನನ್ನನ್ನು ಅಂಗಡಿಗೆ ಕರೆಸಿದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ನನ್ನ ಮುಖ ನೋಡದೆ ಮಾತಾಡಿದರು. ಮನೆಯಲ್ಲಿ ಅವ್ವನ ಜೊತೆ ಮಾತು ಬಿಟ್ಟಿದ್ದಾರೆಂದೂ ಮಗಳಿಗೆ ಕಪಾಳಕ್ಕೆ ಹೊಡೆದಿದ್ದಾರೆಂದೂ ಅವರ ಮಾತಿನಲ್ಲೇ ತಿಳಿಯಿತು. ಕಾದಂಬರಿಯಲ್ಲಿ ತಪ್ಪೇನಿದೆ, ನೀವೇ ಮೆಚ್ಚಿದ್ದಿರಲ್ಲ ಎಂದು ಕೇಳಿದೆ.

"ಕಾದಂಬರಿಯೊಳಗ ಇರೋತನಕ ಚಂದಾನ ಇತ್ರಿ," ಎಂದರು. "ನಮ್ಮ ಮನಿಯೊಳಗ ಬಂತು ನೋಡ್ರಿ, ಅದು ಆಗಂಗಿಲ್ಲ."

ಆ ಮಾತಿನಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಮರುದಿನ ಸಭೆಯಲ್ಲಿ ಅವರು ಅದನ್ನು ಆಡಲಿಲ್ಲ. ಹನುಮಂತಪ್ಪನವರ ಅರ್ಜಿಯನ್ನು ಕೈಗೆ ತೆಗೆದುಕೊಂಡರು. ಈ ಕಾದಂಬರಿ ದಲಿತ ಬಂಧುಗಳ ಮನಸ್ಸು ನೋಯಿಸುತ್ತದೆ, ಪಾಲಕರೇ ದೂರು ಕೊಟ್ಟಿದ್ದಾರೆ, ನಾಳೆ ಯಾರಾದರೂ ಕೇಸು ಹಾಕಿದರೆ ಶಾಲೆಯ ಗತಿಯೇನು ಎಂದರು. ಉಳಿದ ಸದಸ್ಯರಿಗೆ ಕೇಸು ಎಂಬ ಒಂದು ಶಬ್ದ ಸಾಕಾಯಿತು. ಠರಾವು ಆಯಿತು: ಕಾದಂಬರಿಯನ್ನು ಹಿಂಪಡೆಯುವುದು, ಜಾತಿನಿಂದನೆಯ ಪದವನ್ನು ಮಕ್ಕಳಿಂದ ಓದಿಸಿದ ಶಿಕ್ಷಕಿಯ ಸೇವೆಯನ್ನು ಆ ತಿಂಗಳಿಗೇ ಮುಗಿಸುವುದು. ಹಾಲಿನ ಸಂಗತಿ ಅದರಲ್ಲಿ ಎಲ್ಲೂ ಇರಲಿಲ್ಲ. ಮನೆಯ ಮಾತು ಮುಚ್ಚಿಹಾಕುವುದಕ್ಕೆ ಹನುಮಂತಪ್ಪನವರ ನೋವನ್ನು ಬಳಸಿಕೊಂಡರು. ನಾನು ಒಪ್ಪುವುದಿಲ್ಲ ಎಂದು ಅಲ್ಲೇ ಎದ್ದು ಹೇಳಿದೆ, ನನ್ನ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ಬರೆಸಿದೆ. ಬರೆದುಕೊಂಡರು. ಅದರಿಂದ ಏನೂ ಆಗಲಿಲ್ಲ. ಇಲಾಖೆಯ ಕಚೇರಿಗೆ ಹೋಗಿ ಕೇಳಿದೆ. ಕಾದಂಬರಿ ಪಠ್ಯದಲ್ಲಿಲ್ಲ, ಟೀಚರ್ ಮಂಜೂರಾದ ಹುದ್ದೆಯವರಲ್ಲ, ಎರಡಕ್ಕೂ ನಮಗೂ ಸಂಬಂಧವಿಲ್ಲ ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು.

ಹನುಮಂತಪ್ಪನವರನ್ನು ಬಸ್ ನಿಲ್ದಾಣದಲ್ಲಿ ಹುಡುಕಿ ಹೋದೆ. ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಠರಾವಿಗೆ ಆಧಾರ ತಪ್ಪುತ್ತದೆ ಎಂದು ಹೇಳಿದೆ. ಅವರು ಮೊದಲು ಕೊಟ್ಟೂರು ಬಸ್ಸು ಬಿಟ್ಟರು. ಆಮೇಲೆ ಹೇಳಿದ್ದು ಇಷ್ಟು: ಕೇರಿಯ ಹುಡುಗರು ಬಂದು ಹಾರ ಹಾಕಿ ಹೋಗಿದ್ದಾರೆ, ಗೆದ್ದೆವು ಎಂದು ಫೋಟೋ ತೆಗೆಸಿಕೊಂಡಿದ್ದಾರೆ, ಈಗ ಹಿಂದಕ್ಕೆ ತೆಗೆದರೆ ಸಾಹುಕಾರನಿಂದ ರೊಕ್ಕ ತಿಂದ ಎನ್ನುತ್ತಾರೆ, ಆ ಮಾತು ತನ್ನ ಮೇಲಲ್ಲ, ಮಗಳ ಮೇಲೆ ಉಳಿಯುತ್ತದೆ. "ಟೀಚರಿಗೆ ಹೇಳ್ರಿ ಸರ್, ನಾ ಇದನ್ನ ಕೇಳಿದ್ದಿಲ್ಲ ಅಂತ," ಎಂದರು. ನಾನು ಹೇಳಿದೆ. ಗಿರಿಜಾ ಟೀಚರ್, ಗೊತ್ತು ಸರ್ ಎಂದಷ್ಟೇ ಅಂದು ಹಾಜರಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು.

ಪುಸ್ತಕಗಳನ್ನು ಮಕ್ಕಳಿಂದ ವಾಪಸು ತೆಗೆದುಕೊಳ್ಳುವ ಕೆಲಸ ನನ್ನದೇ ಆಯಿತು. ಎಲ್ಲರೂ ತಂದು ಕೊಟ್ಟರು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಅಷ್ಟು ಶನಿವಾರ ಯಾಕೆ, ಯಾಕೆ ಎಂದು ಕೇಳುತ್ತಿದ್ದ ಮಕ್ಕಳು ಅವರೇ. ಗೌತಮಿ ಮಾತ್ರ ಪ್ರತಿಯನ್ನು ಎದೆಗೆ ಹಿಡಿದುಕೊಂಡು ನನ್ನ ಕೊಠಡಿಗೆ ಬಂದಳು.

"ತಗೋಬ್ಯಾಡ್ರಿ ಸರ್," ಎಂದಳು. "ನನಗ ಇದರ ಮ್ಯಾಲ ಇನ್ನೂ ಸಿಟ್ಟೈತಿ. ಓದಿ ಮುಗಿಸಿಲ್ಲ."

ಒಂದು ಪ್ರತಿ ಅವಳ ಹತ್ತಿರ ಇದ್ದರೆ ಇರಲಿ ಎಂದು ನಾನು ಸುಮ್ಮನಾದೆ. ಆದರೆ ಮರುದಿನ ಅವಳ ತಾಯಿಯೇ ಬಂದು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. ನಮ್ಮ ಹುಡುಗಿಯ ಹೆಸರು ಊರಲ್ಲಿ ಇಷ್ಟು ಓಡಾಡಿದ್ದು ಸಾಕು, ಅವಳು ಓದಿ ನೌಕರಿ ಹಿಡಿಯಬೇಕಾದವಳು ಎಂದರು. ಅವರ ಮಾತನ್ನು ತಳ್ಳಿಹಾಕುವ ಹಕ್ಕು ನನಗಿರಲಿಲ್ಲ.

ಎರಡೂ ಕಡೆಯ ದೊಡ್ಡವರಿಗೆ ಸಮಾಧಾನವಾಯಿತು. ಊರು ತಣ್ಣಗಾಯಿತು. ಸಹನಾಳನ್ನು ಅವಳ ತಂದೆ ಅರ್ಧ ವರ್ಷದಲ್ಲೇ ಟಿ.ಸಿ. ತೆಗೆಸಿ ಹರಪನಹಳ್ಳಿಯ ವಸತಿ ಶಾಲೆಗೆ ಹಾಕಿದರು. ಹೋಗುವ ದಿನ ಅವಳು ಗೌತಮಿಯನ್ನು ನೋಡಲು ತರಗತಿಯ ಬಾಗಿಲಿಗೆ ಬಂದಳು. ಗೌತಮಿ ತಲೆ ಎತ್ತಲಿಲ್ಲ. ಮನೆಯಲ್ಲಿ ಹಾಗೆ ಹೇಳಿ ಕಳಿಸಿದ್ದರೋ, ತಾನೇ ಹಾಗೆ ಮಾಡಿದಳೋ ನನಗೆ ಗೊತ್ತಿಲ್ಲ. ಗಿರಿಜಾ ಟೀಚರ್ ಹಡಗಲಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ತರಗತಿಯೊಂದಕ್ಕೆ ಸೇರಿದರು. ಸಂಧಿ, ಸಮಾಸ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದು. ಮೊದಲಿಗಿಂತ ಸಂಬಳ ಚೆನ್ನಾಗಿದೆ ಸರ್ ಎಂದು ಒಮ್ಮೆ ಫೋನಿನಲ್ಲಿ ಹೇಳಿದರು. ಕಾದಂಬರಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾನು ನಿವೃತ್ತನಾಗುವ ವರ್ಷ ಗೌತಮಿ ಎಸ್ಸೆಸ್ಸೆಲ್ಸಿ ಬರೆದಳು. ಶಾಲೆಗೆ ಮೊದಲಿಗಳಾದಳು. ಕನ್ನಡದಲ್ಲಿ ಪೂರ್ತಿ ಅಂಕ. ಪೂರ್ವಸಿದ್ಧತಾ ಪರೀಕ್ಷೆಯ ಅವಳ ಕನ್ನಡ ಉತ್ತರ ಪತ್ರಿಕೆಯನ್ನು ನಾನು ನೋಡಿದ್ದೆ. ಒಂದು ಕಾಗುಣಿತ ತಪ್ಪಿರಲಿಲ್ಲ. ಪ್ರತಿಯೊಂದು ಉತ್ತರವೂ ಗೈಡಿನಲ್ಲಿದ್ದ ಹಾಗೇ ಇತ್ತು. ಅವಳದೇ ಆದ ಒಂದು ವಾಕ್ಯವಿರಲಿಲ್ಲ. ಹೊಸ ಕನ್ನಡ ಮೇಷ್ಟ್ರು ಅದನ್ನು ಮಾದರಿ ಉತ್ತರವೆಂದು ಎಲ್ಲ ತರಗತಿಗಳಲ್ಲಿ ತೋರಿಸಿದರು.

ಗೌತಮಿಗೆ ಸನ್ಮಾನ ಸಭೆ ನಡೆಯಿತು. ಕೊಟ್ರಬಸಪ್ಪನವರೇ ಶಾಲು ಹೊದಿಸಿದರು. ಹನುಮಂತಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು. ಇಬ್ಬರೂ ಪರಸ್ಪರ ನಮಸ್ಕಾರ ಮಾಡಿದರು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಗೌತಮಿ ಎಲ್ಲರಿಗೂ ಕೃತಜ್ಞತೆ ಹೇಳಿ ಕೂತಳು. ಸಭೆ ಮುಗಿದ ಮೇಲೆ ಅವಳನ್ನು ಪಕ್ಕಕ್ಕೆ ಕರೆದು, ಆ ಕಾದಂಬರಿಯ ಒಂದು ಪ್ರತಿ ನನ್ನ ಹತ್ತಿರ ಇದೆ, ಈಗ ರಜೆ ಇದೆಯಲ್ಲ, ಕೊನೆಯ ಎರಡು ಅಧ್ಯಾಯ ಓದುತ್ತೀಯಾ ಎಂದು ಕೇಳಿದೆ.

"ಅದು ಪರೀಕ್ಷಾಕ್ಕ ಇಲ್ಲಲ್ರಿ ಸರ್," ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಕಿದರೂ ಸಿಗುವಷ್ಟು ಇರಲಿಲ್ಲ.

ಒಂದು ಪುಸ್ತಕದ ಬಗ್ಗೆ ಮಕ್ಕಳು ಜಗಳವಾಡಿದರೆ ಶಾಲೆಗೆ ಕೆಡುಕಿಲ್ಲ. ಕಾದಂಬರಿ ಮೋಸ ಎಂದು ಎದ್ದು ನಿಂತ ಆ ಹುಡುಗಿಯಷ್ಟು ಅದನ್ನು ಮನಸ್ಸಿಗೆ ಹಚ್ಚಿಕೊಂಡವರು, ಅದನ್ನು ಹೊಗಳಿದವರಲ್ಲೂ ಇರಲಿಲ್ಲ. ಶಾಲೆ ಕೆಡುವುದು ದೊಡ್ಡವರೆಲ್ಲ ಒಂದಾಗಿ, ಇನ್ನು ಜಗಳ ಬೇಡ ಎಂದು ಒಪ್ಪಿದ ದಿನ. ನನ್ನ ನೌಕರಿ ನನಗೆ ಕಲಿಸಿದ್ದು ಇದು. ಕಲಿತ ಮೇಲೆ ಉಪಯೋಗಿಸಲು ನನಗೆ ಶಾಲೆ ಉಳಿದಿರಲಿಲ್ಲ.